ಬೇಳದಿಂದ, ಗೆಳೆಯನಿಗೊಂದು ಪತ್ರ

ಮಾರಾಯ,

ನಿನಗೆ ಬರೆಯದೆ ತುಂಬಾ ದಿನ ಆಯ್ತು. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ಬೇಜಾರು ಮಾಡಬೇಡ. ಸೌತೆಕಾಯಿ ವಿಷಯ ಇಲ್ಲಿ ಎತ್ತುವುದಿಲ್ಲ, ಧೈರ್ಯವಾಗಿ ಓದು.

ಇಲ್ಲಿ ಕಾಸರಗೋಡಿನ ಬೇಳದಲ್ಲಿ ಜೋರು ಮಳೆ. ಕಳೆದ ವಾರ ರಾತ್ರಿ ತೇರ್ಸ್ (ಮನೆಯಲ್ಲಿ ಹೇಳುವ ಜಪಮಾಲೆ ಪ್ರಾರ್ಥನೆ) ಮುಗಿಸಿ ಊಟಕ್ಕೆ ಕೂರುವಾಗ ಗ್ರಿಲ್ ಅಲ್ಲಾಡಿಸಿದ ಸದ್ದಾಯಿತು. ಕೆಂಪುಕಲ್ಲು ಕಡಿಯುವ ಕೆಲಸಕ್ಕೆ ಬಂದ ಒಡಿಶಾದವನು. ಹೆಗಲ ಮೇಲೆ ಮಗು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಬುಖಾರ್, ಬುಖಾರ್ ಅಂದ, ಜ್ವರ ಅಂತ. ಮಗುವಿನ ಒಂದು ಕಾಲು ಮಾತ್ರ ಕಾಣುತ್ತಿತ್ತು. ಅದಕ್ಕೊಂದು ಕಪ್ಪು ದಾರ. ಹಿಮ್ಮಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಕಾರು ಅಂಗಳದಲ್ಲೇ ಇತ್ತು. ನಾನು ಬೀಗ ತೆಗೆಯಲಿಲ್ಲ. ಒಳಗಿಂದಲೇ ಕೈ ತೋರಿಸಿ, ಮುಂದೆ ಆಟೋ ಸಿಗುತ್ತದೆ ಅಂದೆ. ಅವನು ಸರಿ ಅಂತ ತಲೆಯಾಡಿಸಿ ಹೋದ.

2020ರ ಮಾರ್ಚ್ ನೆನಪಿದೆಯಲ್ವಾ? ಕೊರೊನಾ ಅಂತ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದ್ದರು, ಒಳದಾರಿಗಳಿಗೆಲ್ಲ ಮಣ್ಣು ಸುರಿದಿದ್ದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ದೊಡ್ಡ ಕಾಯಿಲೆಗೆ ನಮಗೆ ಮಂಗಳೂರೇ ಗತಿ. ದಾರಿ ಸಿಗದೆ ನಮ್ಮ ಕಡೆಯವರು ಸತ್ತರು. ಮಾತು ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲಾಗದೆ, ನಾವೂ ಕನ್ನಡದವರೇ ಅಲ್ವಾ ಅಂತ ಫೋನಿನಲ್ಲಿ ನಿನ್ನ ಹತ್ತಿರ ಅತ್ತವನು ನಾನು.

ಅದೇ ನಾನು ಬೀಗದ ಕೈ ಹಿಡಿದುಕೊಂಡು ನಿಂತಿದ್ದೆ.

ಭಾನುವಾರ ಪೂಜೆಗೆ ಹೋದೆ. ಬೇಳದ ಇಗರ್ಜಿ 1890ರಿಂದಲೂ ಶೋಕಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ ಹೆಸರಿನದ್ದು. ಆ ತಾಯಿಯ ಏಳು ದುಃಖಗಳನ್ನು ಚಿಕ್ಕಂದಿನಿಂದ ಬಾಯಿಪಾಠ ಹೇಳಿದವನು ನಾನು. ಎರಡನೆಯ ದುಃಖಕ್ಕೆ ಬಂದಾಗ ಮುಂದೆ ಮಾತು ಬರಲಿಲ್ಲ. ಮಗುವನ್ನು ಕೊಲ್ಲಲು ಹುಡುಕುತ್ತಿದ್ದ ರಾಜ ಹೆರೋದನಿಗೆ ಹೆದರಿ, ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿಹೋದದ್ದು. ಅವರಿಗೂ ಯಾರೋ ಬಾಗಿಲು ತೆಗೆದಿರಬೇಕು, ಅಲ್ವಾ? ಪರದೇಶಿಯಾಗಿ ಬಂದೆ, ಸೇರಿಸಿಕೊಂಡಿರಿ ಅಂತ ಯೇಸು ಹೇಳುವುದು ಸುಮ್ನೆ ಅಲ್ಲ. ಆ ಮಗು ಅವನೇ ಆಗಿದ್ದ.

ಕಳ್ಳರ ಹೆದರಿಕೆ ಆಯ್ತು ಅಂತ ಹೆಂಡತಿಗೆ ಹೇಳಿದ್ದೆ. ಅದು ಸುಳ್ಳು. ಕಾರಿನ ಹೊಸ ಸೀಟು ಒದ್ದೆಯಾಗುತ್ತದೆ ಅಂತ ಅನ್ನಿಸಿತ್ತು. ಪಾಪನಿವೇದನೆಯಲ್ಲೂ ಇದನ್ನು ಹೇಳಿರಲಿಲ್ಲ. ಇಲ್ಲಿ ಬರೆಯಬೇಕು ಅಂತಲೂ ಇರಲಿಲ್ಲ.

ಸೋಮವಾರ ಹುಡುಕಿಕೊಂಡು ಹೋದೆ. ತಿರುವಿನ ಆಟೋದವನು ಆ ರಾತ್ರಿಯೇ ಅವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದನಂತೆ, ಬಾಡಿಗೆ ತೆಗೆದುಕೊಳ್ಳದೆ. ಮಗು ತಗಡಿನ ಶೆಡ್ಡಿನೊಳಗೆ ಖಾಲಿ ಬಾಟಲಿ ಉರುಳಿಸುತ್ತಿತ್ತು. ಅದರ ತಾಯಿ ಚಾಪೆ ಕೊಡವಿ ಹಾಸಿ, ಬೈಠೋ ಅಂದಳು. ಕೂತೆ. ಚಹಾ ಕೊಟ್ಟಳು, ಸಕ್ಕರೆ ಜಾಸ್ತಿ ಹಾಕಿ. ಕ್ಷಮೆ ಕೇಳುವಷ್ಟು ಹಿಂದಿ ನನಗೆ ಬರಲಿಲ್ಲ. ನನ್ನ ಫೋನ್ ನಂಬರ್ ಕೊಟ್ಟು ಬಂದೆ.

ಸರಿ, ಇಷ್ಟು ಸಾಕು. ಪತ್ರೊಡೆಗೆ ಕೆಸುವಿನ ಎಲೆ ಬೇಕಾದಷ್ಟಿದೆ, ಶನಿವಾರ ಬಾ. ಉಪ್ಪು ಮಾತ್ರ ಈ ಸಲ ನಿನ್ನ ಅತ್ತಿಗೆಯೇ ಹಾಕುತ್ತಾಳಂತೆ.

ನಿನ್ನ,
ಪೊರ್ಬು