ಗುತ್ತಿಗೆದಾರರ ಒಪ್ಪಿಗೆ ಬೇಕೆಂಬುದು ಕಾಯ್ದೆಯಲ್ಲಿಲ್ಲ

ಮಾನ್ಯ ಸಂಪಾದಕರೇ,

ರಸ್ತೆ ಕಾಮಗಾರಿ, ಕಸ ಸಾಗಣೆ, ಹೊರಗುತ್ತಿಗೆ ಸಿಬ್ಬಂದಿ ಪೂರೈಕೆ ಹೀಗೆ ಸರ್ಕಾರದ ಕೆಲಸ ಖಾಸಗಿಯವರ ಕೈಗೆ ಹೋದಲ್ಲೆಲ್ಲ ಮಾಹಿತಿ ಹಕ್ಕಿನ ಅರ್ಜಿಗೆ ಬರುವ ಹಿಂಬರಹ ಹೆಚ್ಚುಕಡಿಮೆ ಒಂದೇ: ‘ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದು, ಸದರಿಯವರು ಒಪ್ಪಿಗೆ ನೀಡದ ಕಾರಣ ಒದಗಿಸಲು ಬರುವುದಿಲ್ಲ.’ ಬಹಳಷ್ಟು ಅರ್ಜಿದಾರರು ಇಷ್ಟಕ್ಕೇ ಕೈಚೆಲ್ಲುತ್ತಾರೆ. ಆದರೆ ಮೇಲ್ಮನವಿಯಲ್ಲಿ ಈ ಹಿಂಬರಹ ನಿಲ್ಲುವಂಥದ್ದಲ್ಲ.

ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 2(ಎಫ್) ‘ಮಾಹಿತಿ’ಯನ್ನು ವಿವರಿಸುವಾಗಲೇ ಕರಾರು, ಲಾಗ್‌ಬುಕ್, ಮಾದರಿಗಳನ್ನು ಹೆಸರಿಸಿದೆ. ಮೂರನೇ ವ್ಯಕ್ತಿಯ, ಅಂದರೆ ಇಲ್ಲಿ ಗುತ್ತಿಗೆ ಪಡೆದ ಕಂಪನಿಯ, ಮಾತು ಬರುವುದು ಕಲಂ 11ರಲ್ಲಿ. ಆತ ಗೋಪ್ಯವೆಂದು ಭಾವಿಸಿರುವ ಮಾಹಿತಿಯನ್ನು ಕೊಡಲು ಹೊರಟ ಅಧಿಕಾರಿ, ಅರ್ಜಿ ಬಂದ 5 ದಿನದೊಳಗೆ ಆತನಿಗೆ ನೋಟಿಸ್ ಕೊಡಬೇಕು. ಆಕ್ಷೇಪಣೆಗೆ ಆತನಿಗಿರುವುದು 10 ದಿನ. ಅರ್ಜಿ ಬಂದ 40 ದಿನದೊಳಗೆ ತೀರ್ಮಾನ ಆಗಬೇಕು, ಆ ತೀರ್ಮಾನ ಅಧಿಕಾರಿಯದು. ಕಂಪನಿಗೆ ಅದು ಸರಿಬರದಿದ್ದರೆ ಮೇಲ್ಮನವಿ ಹೋಗಬೇಕಾದದ್ದು ಕಂಪನಿಯೇ.

ಇನ್ನು ಕಲಂ 8(1)(ಡಿ)ಯ ವಾಣಿಜ್ಯ ಗೌಪ್ಯತೆ. ದಾಖಲೆ ಹೊರಬಂದರೆ ಕಂಪನಿಯ ಸ್ಪರ್ಧಾತ್ಮಕ ಸ್ಥಾನಕ್ಕೆ ಧಕ್ಕೆಯಾಗುತ್ತದೆ ಎಂಬುದು ತೋರಿಬರಬೇಕು, ಹಾಗೆ ತೋರಿದರೂ ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬೇಕು. ಟೆಂಡರ್ ತೆರೆಯುವ ಮುನ್ನ ಬಿಡ್ ದರ ಗುಟ್ಟಾಗಿರಬೇಕು, ನಿಜ. ಕರಾರಿಗೆ ಸಹಿ ಬಿದ್ದು ಖಜಾನೆಯಿಂದ ಹಣ ಹೋದ ಮೇಲೆ ಆ ದರದಲ್ಲಿ ಯಾವ ಗುಟ್ಟು ಉಳಿಯುತ್ತದೆ? ತಯಾರಿಕಾ ವಿಧಾನದಂಥ ನಿಜವಾದ ವ್ಯಾಪಾರ ರಹಸ್ಯವಿದ್ದರೆ ಆ ಭಾಗವನ್ನಷ್ಟೇ ಮರೆಮಾಡಿ ಉಳಿದದ್ದನ್ನು ಕೊಡಲು ಕಲಂ 10 ಇದೆ. ಒಂದು ಪುಟಕ್ಕಾಗಿ ಇಡೀ ಕಡತವನ್ನು ತಡೆಹಿಡಿಯುವಂತಿಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ, ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ 8(1)(ಜೆ)ಯನ್ನು ಬಿಗಿ ಮಾಡಿದ್ದಾರೆ, ಇದು ಆತಂಕದ ವಿಷಯವೇ. ಆದರೂ ಕಂಪನಿಯ ಬಿಲ್ಲು ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ, ಸಾರ್ವಜನಿಕ ಹಿತವನ್ನು ತೂಗಿನೋಡಬೇಕೆನ್ನುವ ಕಲಂ 8(2) ಹಾಗೇ ಇದೆ.

ಅರ್ಜಿದಾರರು ಎಡವುವುದು ಮುಖ್ಯವಾಗಿ ಬರವಣಿಗೆಯಲ್ಲಿ. ‘ಕಾಮಗಾರಿ ಯಾಕೆ ಕಳಪೆಯಾಯಿತು’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇರುವ ದಾಖಲೆಯನ್ನು ಕೊಡುವುದಷ್ಟೇ ಅಧಿಕಾರಿಯ ಹೊಣೆ, ಕಾರಣ ಹುಡುಕಿ ಹೇಳುವುದಲ್ಲ. ‘ಹತ್ತು ವರ್ಷದ ಸಮಸ್ತ ವಿವರ’ ಎಂದರೆ ತಿರಸ್ಕರಿಸಲು ನಾವೇ ದಾರಿ ಮಾಡಿಕೊಟ್ಟಂತೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಆದ್ದರಿಂದ ಕಾಮಗಾರಿಯ ಹೆಸರು, ಕಾರ್ಯಾದೇಶದ ಸಂಖ್ಯೆ ಬರೆದು ದಾಖಲೆಗಳನ್ನು ಹೆಸರಿಟ್ಟೇ ಕೇಳಬೇಕು: ಅಂದಾಜು ಪಟ್ಟಿ, ದರಗಳ ತುಲನಾತ್ಮಕ ಪಟ್ಟಿ, ಅನುಬಂಧ ಸಹಿತ ಕರಾರು, ಅಳತೆ ಪುಸ್ತಕ, ಗುಣಮಟ್ಟ ಪರೀಕ್ಷಾ ವರದಿ, ಅಂತಿಮ ಬಿಲ್ಲು, ಹೆಚ್ಚುವರಿ ಕೆಲಸಕ್ಕೆ ಮತ್ತು ಅವಧಿ ವಿಸ್ತರಣೆಗೆ ಕೊಟ್ಟ ಮಂಜೂರಾತಿ, ಇವುಗಳ ಟಿಪ್ಪಣಿ ಹಾಳೆ.

ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ಅಳತೆ ಪುಸ್ತಕವನ್ನು ಕೇಳಿ. ಬಿಲ್ಲಿನಲ್ಲಿ ಮೊತ್ತ ಸಿಗುತ್ತದೆ, ಅಳತೆ ಪುಸ್ತಕದಲ್ಲಿ ಕೆಲಸ ನಡೆದ ಜಾಗ, ದಿನಾಂಕ, ಉದ್ದ, ಅಗಲ, ದಪ್ಪ ಸಾಲುಸಾಲಾಗಿ ಸಿಗುತ್ತವೆ, ಕೆಳಗೆ ಅಳೆದ ಎಂಜಿನಿಯರ್ ಸಹಿ ಇರುತ್ತದೆ. 1 ಕಿ.ಮೀ. ಉದ್ದ, 3.75 ಮೀಟರ್ ಅಗಲದ ರಸ್ತೆಗೆ 40 ಮಿ.ಮೀ. ಡಾಂಬರು ಪದರ ಎಂದು ಬರೆದರೆ 150 ಘನ ಮೀಟರ್ ಆಯಿತು. ರಸ್ತೆಯಲ್ಲಿ ನಿಜಕ್ಕೂ ಇರುವುದು 25 ಮಿ.ಮೀ. ಆದರೆ 94 ಘನ ಮೀಟರಿಗೂ ಕಡಿಮೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾಗದದಲ್ಲೇ ಉಳಿಯಿತು. ಕಾಮಗಾರಿಯನ್ನು ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕಲಂ 2(ಜೆ) ಹಕ್ಕು ಕೊಟ್ಟಿದೆ. ಇದನ್ನು ಬಳಸುವವರು ತೀರಾ ಕಡಿಮೆ. ಕರಾರಿನ ಪ್ರಮಾಣ ಪಟ್ಟಿಯನ್ನೂ ಅಂತಿಮ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡುವುದೂ ಮುಖ್ಯ. ಕಡಿಮೆ ದರಕ್ಕೆ ಟೆಂಡರ್ ಹಿಡಿದು, ದರ ಹೆಚ್ಚಿರುವ ಬಾಬ್ತಿನ ಪ್ರಮಾಣವನ್ನು ಆಮೇಲೆ ಏರಿಸಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹೊರಗುತ್ತಿಗೆ ಸಿಬ್ಬಂದಿಯ ವಿಷಯದಲ್ಲಿ, ತಿಂಗಳ ಬಿಲ್ಲಿನ ಜೊತೆ ಪಿ.ಎಫ್., ಇ.ಎಸ್.ಐ. ಚಲನ್ ಲಗತ್ತಿಸಬೇಕೆಂಬ ಷರತ್ತು ಕರಾರಿನಲ್ಲಿದೆಯೇ ನೋಡಿ. ಇದ್ದರೆ ಆ ಚಲನ್ ಇಲಾಖೆಯ ವೋಚರಿನಲ್ಲೇ ಇರಬೇಕು. ‘ಅದು ಏಜೆನ್ಸಿಯ ದಾಖಲೆ’ ಎಂಬ ಮಾತು ಅಲ್ಲಿಗೆ ಮುಗಿಯಿತು. ಕಾರ್ಮಿಕರ ಖಾತೆ ಸಂಖ್ಯೆಗಳನ್ನು ಮರೆಮಾಡಿ ಕೊಡಲಿ, ಅದು ನ್ಯಾಯ.

ಅರ್ಜಿ ಶುಲ್ಕ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ. ಪುಟ ಸಾವಿರವಾಗುತ್ತದೆ ಎಂದರೆ ಮೊದಲು ಕಡತ ಪರಿಶೀಲನೆಗೆ ಕೋರಿ, ಬೇಕಾದ ಪುಟಗಳ ಸಂಖ್ಯೆ ಗುರುತು ಹಾಕಿಕೊಂಡು ಅವಷ್ಟನ್ನೇ ಪಡೆಯಿರಿ. ಶುಲ್ಕ ಕಟ್ಟಲು ಅಧಿಕಾರಿ ಪತ್ರ ಕಳುಹಿಸಿದ ದಿನದಿಂದ ನೀವು ಕಟ್ಟುವವರೆಗಿನ ದಿನಗಳು, ಮಾಹಿತಿ ಕೊಡಲು ಸಾಮಾನ್ಯವಾಗಿ ಇರುವ 30 ದಿನದ ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ತಡಮಾಡಬೇಡಿ. ಗಡುವು ಮೀರಿದರೆ ಮಾಹಿತಿ ಉಚಿತ. ನಿರಾಕರಣೆ ಬಂದ 30 ದಿನದೊಳಗೆ ಪ್ರಥಮ ಮೇಲ್ಮನವಿ, ಅದರ ತೀರ್ಮಾನ ಬಂದ ಅಥವಾ ಬರಬೇಕಿದ್ದ ದಿನದಿಂದ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಮೇಲ್ಮನವಿಯಲ್ಲಿ ಕಲಂ 19(5)ನ್ನು ತಪ್ಪದೆ ಬರೆಯಿರಿ: ನಿರಾಕರಣೆ ಸರಿ ಎಂದು ಸಾಬೀತುಪಡಿಸುವ ಹೊಣೆ ಅಧಿಕಾರಿಯದೇ.

ಇಷ್ಟೆಲ್ಲ ಓಡಾಟವನ್ನು ತಪ್ಪಿಸುವ ಅವಕಾಶ ಸರ್ಕಾರದ ಕೈಯಲ್ಲೇ ಇದೆ. ಜನ ಅರ್ಜಿ ಹಾಕುವ ಪ್ರಮೇಯವೇ ಕಡಿಮೆಯಾಗುವಂತೆ ಇಲಾಖೆಗಳು ತಾವಾಗಿ ಮಾಹಿತಿ ಪ್ರಕಟಿಸಬೇಕೆಂದು ಕಲಂ 4(2) ಹೇಳುತ್ತದೆ. ಟೆಂಡರ್ ಪ್ರಕಟಣೆಗೆ ಈಗಾಗಲೇ ಪೋರ್ಟಲ್ ಇದೆ. ಸಹಿಯಾದ ಕರಾರು, ಅಳತೆ ಪುಸ್ತಕದ ಪುಟಗಳು, ಪ್ರತಿ ಬಿಲ್ಲು, ಅವಧಿ ವಿಸ್ತರಣೆಯ ಆದೇಶಗಳನ್ನು ಅದೇ ಟೆಂಡರ್ ಸಂಖ್ಯೆಯಡಿ ಏರಿಸಬೇಕು, ಹಾಗೆ ಏರಿಸದ ಹೊರತು ಬಿಲ್ಲು ಪಾಸಾಗಬಾರದು ಎಂದು ಆರ್ಥಿಕ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ.

— ಮಾಹಿತಿ ಹಕ್ಕು ಅರ್ಜಿದಾರರೊಬ್ಬರು