ಜಿಂಕೆ ಬೇಟೆಗೆ ದೊಡ್ಡ ತೋಟಾ ಬೇಕೆಂಬುದು ತಪ್ಪು

ಮಾನ್ಯ ಸಂಪಾದಕರೇ,

ಅಮೆರಿಕದ ಜಿಂಕೆ ಬೇಟೆಯನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ತೋಟಾ ದೊಡ್ಡದಾದಷ್ಟೂ ಜಿಂಕೆ ನಿಂತಲ್ಲೇ ಬೀಳುತ್ತದೆ ಎಂಬರ್ಥದ ಮಾತು ಅದರಲ್ಲಿದೆ. ಒಹಾಯೊ ರಾಜ್ಯದಲ್ಲಿ ನೆಲೆಸಿ, ಪರವಾನಗಿ ಪಡೆದು ಹಲವು ವರ್ಷಗಳಿಂದ ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುತ್ತಿರುವ ನಾನು ಇದನ್ನು ಒಪ್ಪಲಾರೆ.

.308 ಮತ್ತು .243 ವಿಂಚೆಸ್ಟರ್ ತೋಟಾಗಳನ್ನೇ ನೋಡಬಹುದು (ಈ ಸಂಖ್ಯೆಗಳು ಗುಂಡಿನ ವ್ಯಾಸವನ್ನು ಹೆಚ್ಚುಕಡಿಮೆ ಅಂಗುಲದಲ್ಲಿ ಹೇಳುತ್ತವೆ). 1952ರಲ್ಲಿ ಬಂದ .308ರ ಹಿತ್ತಾಳೆ ಕೊಳವೆಯ ಕತ್ತನ್ನು ಕಿರಿದುಗೊಳಿಸಿ 1955ರಲ್ಲಿ .243 ಅನ್ನು ರೂಪಿಸಿದರು. ಮೊದಲನೆಯದು 150 ಗ್ರೇನ್, ಅಂದರೆ 9.7 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 860 ಮೀಟರ್ ವೇಗದಲ್ಲಿ ಹಾರಿಸಿದರೆ, ಎರಡನೆಯದು 100 ಗ್ರೇನ್ ಗುಂಡನ್ನು ಸುಮಾರು 900 ಮೀಟರ್ ವೇಗದಲ್ಲಿ ಹಾರಿಸುತ್ತದೆ. ಶಕ್ತಿಯಲ್ಲಿ .308 ಮೂರನೇ ಒಂದು ಪಾಲಿನಷ್ಟು ಹೆಚ್ಚು ನಿಜ, ಆದರೆ ಹೆಗಲಿಗೆ ಬೀಳುವ ಒದೆತ ಹೆಚ್ಚುಕಡಿಮೆ ದುಪ್ಪಟ್ಟು; ಇನ್ನೂ ದೊಡ್ಡ ತೋಟಾ ಆದ .300 ವಿಂಚೆಸ್ಟರ್ ಮ್ಯಾಗ್ನಮ್‌ನಲ್ಲಂತೂ ಅದು ಇನ್ನೂ ಜೋರು. ಒಮ್ಮೆ ಒದೆಸಿಕೊಂಡವನು ಮುಂದಿನ ಸಲ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಶ್ವಾಸಕೋಶಕ್ಕೆ ತಾಗಬೇಕಾದ ಗುಂಡು ಹೊಟ್ಟೆಗೆ ತಾಗುತ್ತದೆ. ಪೆನ್ಸಿಲ್ವೇನಿಯದಲ್ಲಿ ಗೆಳೆಯರೊಬ್ಬರ ಮ್ಯಾಗ್ನಮ್ ಕೋವಿ ಹಿಡಿದು ನಾನು ಮಾಡಿದ್ದು ಇದನ್ನೇ. ಆ ಜಿಂಕೆಯ ರಕ್ತದ ಜಾಡನ್ನು ಕತ್ತಲಾಗುವವರೆಗೆ ಹುಡುಕಿದೆವು, ಸಿಗಲಿಲ್ಲ. ಅಷ್ಟಕ್ಕೂ ಬಿಳಿಬಾಲದ ಜಿಂಕೆ ಗಾತ್ರದಲ್ಲಿ ನಮ್ಮ ಚುಕ್ಕೆ ಜಿಂಕೆಗೆ ಸಮೀಪವೇ ಹೊರತು ಕಡವೆಗಲ್ಲ; ಅದಕ್ಕೆ .243 ಸಾಕು.

.243ರಿಂದ ಜಿಂಕೆ ಗಾಯಗೊಂಡು ಓಡಿಹೋಗುತ್ತದೆ ಎನ್ನುವವರು ಯಾವ ಗುಂಡನ್ನು ಬಳಸಿದರೆಂದು ಕೇಳಬೇಕು. ಅದೇ ತೋಟಾದಲ್ಲಿ 55ರಿಂದ 75 ಗ್ರೇನ್‌ನ ಹಗುರ ಗುಂಡುಗಳೂ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕಯೋಟಿಯಂಥ (ತೋಳದ ಜಾತಿಯದು) ಸಣ್ಣ ಪ್ರಾಣಿಗಳಿಗಾಗಿ, ತಗುಲಿದೊಡನೆ ಪುಡಿಯಾಗುವಂತೆ ಮಾಡಿದವು. ಜಿಂಕೆಯ ಭುಜದ ಮೂಳೆಗೆ ಬಡಿದರೆ ಅವು ಒಳಗೆ ಇಳಿಯುವುದೇ ಇಲ್ಲ. ಗುಂಡಿನ ರಚನೆಯ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು.

ಇನ್ನೂ ಮುಖ್ಯವಾದ ಲೋಪವೆಂದರೆ ಕಾನೂನಿನದು. ಒಹಾಯೊದಲ್ಲಿ ಹಿಂದೆ ಶಾಟ್‌ಗನ್ನಿನಂಥ ಕೋವಿಗಳಿಗಷ್ಟೇ ಅವಕಾಶವಿತ್ತು. 2014ರಿಂದ ರೈಫಲ್‌ಗಳಿಗೂ ಅನುಮತಿ ದೊರೆತಿದೆಯಾದರೂ, ಕತ್ತು ಕಿರಿದಾಗದ, ನೇರ ಕೊಳವೆಯ ತೋಟಾಗಳನ್ನು ಮಾತ್ರ ಬಳಸಬೇಕು. ಹೀಗಾಗಿ ಮೇಲೆ ನಾನು ಹೊಗಳಿದ .243 ಕೂಡ ಇಲ್ಲಿ ನಿಷಿದ್ಧ. 2019ರಲ್ಲಿ ಬಂದ .350 ಲೆಜೆಂಡ್ ಎಂಬ ನೇರ ಕೊಳವೆಯ ತೋಟಾವನ್ನು ಇಂಥ ರಾಜ್ಯಗಳನ್ನೇ ಗಮನದಲ್ಲಿಟ್ಟುಕೊಂಡು ಮಾಡಿದ್ದು, ನಾನೀಗ ಬಳಸುತ್ತಿರುವುದೂ ಅದನ್ನೇ. ಒದೆತ ಕಡಿಮೆ. ನೂರು ಗಜಕ್ಕೆ ಗುರಿ ಹೊಂದಿಸಿದರೆ ಇನ್ನೂರು ಗಜದಲ್ಲಿ ಗುಂಡು ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆಯಾದ್ದರಿಂದ ನೂರೈವತ್ತು ಗಜದಾಚೆ ನಾನು ಈಡು ಹೊಡೆಯುವುದಿಲ್ಲ.

ಲೇಖನದ ಪಟ್ಟಿಯಲ್ಲಿರುವ .270 ಮತ್ತು .30-06 ಎರಡೂ ಕತ್ತು ಕಿರಿದಾದವು. ಇಲ್ಲಿಗೆ ಹೊಸದಾಗಿ ಬಂದಿರುವ ಕನ್ನಡಿಗರು ತಮ್ಮ ಪತ್ರಿಕೆಯನ್ನು ಓದುತ್ತಾರಾದ್ದರಿಂದ, ಒಹಾಯೊದಲ್ಲಿ ಅವುಗಳಿಂದ ಜಿಂಕೆಗೆ ಗುಂಡು ಹೊಡೆಯುವುದು ಕಾನೂನುಬಾಹಿರವೆಂಬ ತಿದ್ದುಪಡಿಯನ್ನು ಮುಂದಿನ ಪುರವಣಿಯಲ್ಲಿ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇಂತಿ,
ಕೊಡಗು ಮೂಲದ ಓದುಗ, ಕೊಲಂಬಸ್