ಕ್ಲೇನಿಯ ನಕ್ಷತ್ರ: ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ರೆಜೆಕ್ಸ್ (ಪಠ್ಯದಲ್ಲಿ ಬೇಕಾದ್ದನ್ನು ಹುಡುಕುವ ಪ್ಯಾಟರ್ನ್) ಸರ್ವರ್ ಕಂಪ್ಯೂಟರನ್ನು ಯಾಕೆ ಉಸಿರುಗಟ್ಟಿಸಿತು ಅಂತ ಕೇಳಿದ್ದೆಯಲ್ಲ, ಉತ್ತರ ಇಲ್ಲೇ ಬರೆಯುತ್ತೇನೆ, ನಾಲ್ಕು ಜನ ಓದಲಿ. ಹುಣಸೆಮರದ ವಿಷಯ ಎತ್ತುವುದಿಲ್ಲ, ಹೆದರಬೇಡ.

+ ಅಂದರೆ ಒಂದು ಅಥವಾ ಹೆಚ್ಚು ಸಲ. (ಕ+)+ಗ ಎಂಬ ಪ್ಯಾಟರ್ನಿಗೆ 30 'ಕ' ಕೊಟ್ಟು 'ಗ' ಕೊಡದೆ ಬಿಡು. ಆ ಮೂವತ್ತನ್ನು ಗುಂಪುಗಳಾಗಿ ಒಡೆಯುವ ಬಗೆಗಳು 53 ಕೋಟಿಗೂ ಹೆಚ್ಚು: 2ರ 29ನೇ ಘಾತ. ಸಾದಾ ಬ್ಯಾಕ್‌ಟ್ರ್ಯಾಕಿಂಗ್ ಎಂಜಿನ್ (ರೆಜೆಕ್ಸ್ ಓಡಿಸುವ ತಂತ್ರಾಂಶ) ಒಂದೊಂದು ದಾರಿಯನ್ನೂ ತುದಿತನಕ ಹೋಗಿ ನೋಡಿ ವಾಪಸು ಬರುತ್ತದೆ. ಇನ್ನೊಂದು 'ಕ' ಸೇರಿಸಿದರೆ ಕೆಲಸ ಇಮ್ಮಡಿ.

ಮದ್ದಿನ ಬೇರು 1951ರಲ್ಲೇ ಇದೆ. ಆ ಬೇಸಿಗೆಯಲ್ಲಿ ರ‍್ಯಾಂಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಗಣಿತಜ್ಞ ಸ್ಟೀಫನ್ ಕ್ಲೇನಿ, ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ಕಲ್ಪಿಸಿದ್ದ ನರಕೋಶ ಜಾಲಗಳನ್ನು ಹಿಡಿದು ಕೂತರು. ಸೀಮಿತ ಜಾಲವೊಂದು ತನ್ನೊಳಗೆ ಬಂದದ್ದರಲ್ಲಿ ಯಾವುದನ್ನೆಲ್ಲ ಗುರುತಿಸಬಲ್ಲದು? ಇದು-ಅಥವಾ-ಅದು, ಒಂದಾದ ಮೇಲೊಂದು, ಮತ್ತೆ ಮತ್ತೆ: ಈ ಮೂರರಿಂದ ಕಟ್ಟಬಹುದಾದದ್ದನ್ನೆಲ್ಲ, ಅದಷ್ಟನ್ನೇ. ಮೂರನೆಯದೇ ನಾವು ದಿನಾ ಒತ್ತುವ ನಕ್ಷತ್ರ (*), ನಿನ್ನ + ಅದರದೇ ಇನ್ನೊಂದು ರೂಪ. ಅವರ ಮೂಲ ಬರಹದಲ್ಲಿ ಅದು ಎರಡು ಪದಗಳ ನಡುವೆ ಕೂರುತ್ತಿತ್ತು!

1959ರಲ್ಲಿ ರೇಬಿನ್ ಮತ್ತು ಸ್ಕಾಟ್, ಹಲವು ದಾರಿ ಒಟ್ಟಿಗೆ ಹಿಡಿಯುವ n ಸ್ಥಿತಿಗಳ (ಓದುತ್ತ ನಿಲ್ಲಬಹುದಾದ ಜಾಗಗಳ) ಗುರುತಿಸುವ ಯಂತ್ರವನ್ನು ಹೆಚ್ಚೆಂದರೆ 2ರ n ಘಾತದಷ್ಟು ಸ್ಥಿತಿಗಳ ಒಂಟಿದಾರಿಯ ಯಂತ್ರವಾಗಿಸಬಹುದೆಂದು ತೋರಿಸಿದರು. 1968ರಲ್ಲಿ ಪ್ರೋಗ್ರಾಮರ್ ಕೆನ್ ಥಾಂಪ್ಸನ್ ಅಷ್ಟನ್ನೂ ಕಟ್ಟದೆ, ಪ್ರತಿ ಅಕ್ಷರಕ್ಕೂ 'ಈಗ ಎಲ್ಲೆಲ್ಲಿ ಇರಬಹುದು' ಎಂಬ ಸ್ಥಿತಿಗಳ ಗುಂಪನ್ನು ಮಾತ್ರ ಇಟ್ಟುಕೊಂಡರು. ನಿನ್ನ ಪ್ಯಾಟರ್ನಿಗೆ 3 ಸ್ಥಿತಿ ಸಾಕು, 30 ಅಕ್ಷರಕ್ಕೆ ಹೆಚ್ಚೆಂದರೆ 90 ತಪಾಸಣೆ.

ನನ್ನನ್ನು ಕಾಡುತ್ತಿರುವುದು ಇದೇ. ಬಂದ ದಾರಿಯನ್ನು ನೆನಪಿಡಬೇಕಿಲ್ಲ, ನಿಂತ ಜಾಗ ಗೊತ್ತಿದ್ದರೆ ಆಯಿತು. ಇಷ್ಟು ಚೆಲುವಾದ ಮಾತನ್ನು ಬಿಟ್ಟು, ನಕ್ಷತ್ರವನ್ನು ಬರೀ ಟೈಪಿಂಗ್ ಉಳಿಸುವ ಚಿಹ್ನೆಯೆಂದು ಎಷ್ಟು ಜನಕ್ಕೆ ಹೇಳಿಕೊಟ್ಟೆನೋ! ನೆನೆದರೆ ಸಂಕಟವಾಗುತ್ತದೆ. ಇಷ್ಟೆಲ್ಲ ಬರೆಯುವ ಯೋಚನೆಯೇ ಇರಲಿಲ್ಲ.

ಇರಲಿ, ನಿನ್ನ ಕೆಲಸ ನೋಡು. (ಕ+)+ಗ ಬದಲು ಕ+ಗ ಬರೆ, ಅರ್ಥ ಅದೇ. ಸಾಲಿನ ಮೊದಲಿಗೇ ಹೊಂದಬೇಕಿದ್ದರೆ ^ ಮರೆಯಬೇಡ, ಇಲ್ಲದಿದ್ದರೆ ಪ್ರತಿ 'ಕ'ದಿಂದಲೂ ಹೊಸದಾಗಿ ಹುಡುಕಿ ಸಮಯ ಉದ್ದದ ವರ್ಗದಷ್ಟು ಬೆಳೆಯುತ್ತದೆ. ಪ್ಯಾಟರ್ನ್ ಹೊರಗಿನವರಿಂದ ಬರುವುದಾದರೆ ಆರ್‌ಇ2 ಎಂಬ ಲೈಬ್ರರಿ, ಗೋ ಭಾಷೆ ಅಥವಾ ರಸ್ಟ್‌ನ ಎಂಜಿನ್ ಹಿಡಿ, ಇವು ಥಾಂಪ್ಸನ್ ದಾರಿಯವು. ಅವು ಕ್ಲೇನಿಯ ಗೆರೆ ದಾಟುವುದಿಲ್ಲ, ಅದಕ್ಕೇ \1 (ಮೊದಲು ಹೊಂದಿದ್ದನ್ನೇ ಮತ್ತೆ ಹೊಂದಿಸು ಎನ್ನುವುದು) ಅಲ್ಲಿ ಸಿಗದು.

ಹೆಸರು ಕ್ಲೀನ್ ಅಲ್ಲ, ಕ್ಲೇನಿ. ಇನ್ನೊಮ್ಮೆ ತಪ್ಪಿದರೆ ಹುಣಸೆಮರ ಎತ್ತುತ್ತೇನೆ.

ನಿನ್ನವನು